ಸಲಾಮಿನ ಬೋಲ್ಟು

ನಮ್ಮ ಮನೆಗೆ ಯಾವ ಗಾಡಿ ಬಂದರೂ ಮೊದಲು ಪೂಜೆಯಾಗುವುದಿಲ್ಲ. ಮೊದಲು ಮಿಸ್ತ್ರಿ ಬರಬೇಕು. ಅವ್ವ ವಿಭೂತಿ, ಕಾಯಿ, ಲಿಂಬೆಹಣ್ಣು ಇಟ್ಟ ತಾಟು ಹಿಡಿದು ಹೊಸ್ತಿಲಲ್ಲಿ ಕಾಯುತ್ತಾಳೆ. ಮಿಸ್ತ್ರಿ ತನಗೆ ತಿಳಿದಾಗ ಬಂದು, ಬಾನೆಟ್ ಎತ್ತಿ, ಬಿಸ್ಮಿಲ್ಲಾ ಅಂದು, ಯಾವುದಾದರೂ ಒಂದು ಬೋಲ್ಟಿಗೆ ಪಾನಾ ಹಾಕಿ ಅರ್ಧ ಸುತ್ತು ಬಿಚ್ಚುತ್ತಾನೆ. ಆಮೇಲೆ ಅದನ್ನೇ ಮತ್ತೆ ಬಿಗಿಯುತ್ತಾನೆ. ಅಷ್ಟೇ. ಅವರ ಮನೆತನದಲ್ಲಿ ಇದಕ್ಕೆ ಸಲಾಮು ಅಂತ ಹೆಸರು. ನಮ್ಮ ಅಪ್ಪನ ಜೀಪಿಗೆ ಅವನ ಅಪ್ಪ ಮಾಡಿದ್ದ. ನನ್ನ ಸ್ಕೂಟರಿಗೆ, ಮಿಲ್ಲಿನ ಎರಡು ಟೆಂಪೋಗಳಿಗೆ, ಆಮೇಲೆ ಬಂದ ಎಲ್ಲ ಕಾರುಗಳಿಗೆ ಇವನು ಮಾಡಿದ. ಸ್ಕೂಟರಿಗೆ ಬಾನೆಟ್ ಇರಲಿಲ್ಲ, ಸೀಟು ಎತ್ತಿ ಮಾಡಿದ.

"ಗಾಡಿಗೆ ನನ್ನ ಕೈ ಗುರ್ತ ಹತ್ತಬೇಕಲ್ಲಲೇ," ಅನ್ನುವುದು ಅವನ ವಾದ. "ನಾಳೆ ಕೆಟ್ಟಾಗ ಅಂಜಬಾರದು."

ಗಾಡಿ ಅಂಜುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅವನು ಸಲಾಮು ಮಾಡಿದ ಯಾವ ಗಾಡಿಯೂ ನನ್ನನ್ನು ನಡುದಾರಿಯಲ್ಲಿ ಬಿಟ್ಟಿರಲಿಲ್ಲ. ವ್ಯಾಪಾರಸ್ಥನಿಗೆ ಇಷ್ಟು ಸಾಕು. ನಾನು ವಾದ ಮಾಡಲಿಲ್ಲ.

ಅವನಿಗೂ ನನಗೂ ಒಂದೇ ವಯಸ್ಸು. ಆಳಂದದ ಒಂದೇ ಶಾಲೆಯಲ್ಲಿ, ಒಂದೇ ತರಗತಿಯಲ್ಲಿ, ಒಂದೇ ಸಲ ನಪಾಸಾದವರು. ಆಮೇಲೆ ಅವನು ಅಪ್ಪನ ಗ್ಯಾರೇಜಿಗೆ ಹೋದ, ನಾನು ಅಪ್ಪನ ಬೇಳೆ ಮಿಲ್ಲಿಗೆ ಹೋದೆ. ಮಿಲ್ಲು ಬೆಳೆದ ಹಾಗೆ ಊರು ನನ್ನನ್ನು ಸಾವ್ಕಾರ ಅಂತ ಕರೆಯತೊಡಗಿತು, ಮಾತಿನ ಕೊನೆಗೆ 'ರಿ' ಹಚ್ಚತೊಡಗಿತು. ಇವನು ಮಾತ್ರ 'ಲೇ' ಬಿಡಲಿಲ್ಲ. ಹಮಾಲರ ಮುಂದೆ ಲೇ, ಬ್ಯಾಂಕ್ ಮ್ಯಾನೇಜರರ ಮುಂದೆ ಲೇ. ಮಗಳ ಲಗ್ನದಲ್ಲಿ ಅಫಜಲಪುರದ ಬೀಗರು ಪಟಗಾ ಸುತ್ತಿಕೊಂಡು ಸಾಲಾಗಿ ಕುಂತಿದ್ದಾಗ ಮಂಟಪದ ಆ ತುದಿಯಿಂದ, "ಲೇ, ಜನರೇಟರಿಗೆ ಎಣ್ಣಿ ಹಾಕ್ಸಿದೇನಲೇ?" ಅಂತ ಕೂಗಿದ. ಬೀಗರು ನನ್ನ ಮುಖ ನೋಡಿದರು. ನಾನು ಎಣ್ಣೆ ಹಾಕಿಸಿರಲಿಲ್ಲ.

ಈ ಕಪ್ಪು ಕಾರು ಬಂದದ್ದು ತೊಗರಿಗೆ ಒಳ್ಳೆಯ ಧಾರಣೆ ಬಂದ ವರ್ಷ. ಜರ್ಮನಿಯದು, ಹೈದರಾಬಾದಿನ ಒಬ್ಬ ಕಣ್ಣಿನ ಡಾಕ್ಟರು ಎರಡು ವರ್ಷ ಓಡಿಸಿ ಮಾರಿದ್ದು. ಇಂಥ ಗಾಡಿ ಆಳಂದಕ್ಕೆ ಯಾಕೆ ಬೇಕಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಅಫಜಲಪುರದ ಬೀಗರ ಹತ್ತಿರ ಎರಡು ದೊಡ್ಡ ಗಾಡಿ ಇದ್ದವು. ಇದು ಉತ್ತರವಲ್ಲ, ಸುಮ್ಮನೆ ತಿಳಿಸಿದೆ.

ಗಾಡಿ ಅಂಗಳಕ್ಕೆ ಬಂದ ದಿನ ಮಿಸ್ತ್ರಿ ಯಥಾಪ್ರಕಾರ ಬಂದ. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಒಳಗೆ ಇಂಜಿನ್ನೇ ಕಾಣಲಿಲ್ಲ. ಎಲ್ಲದರ ಮೇಲೆ ಕರೀ ಪ್ಲಾಸ್ಟಿಕ್ಕಿನ ಮುಚ್ಚಳ. ಕೊನೆಗೆ ಮೂಲೆಯಲ್ಲಿ ಯಾವುದೋ ತಗಡು ಹಿಡಿದುಕೊಂಡಿದ್ದ ಒಂದು ಬೋಲ್ಟು ಸಿಕ್ಕಿತು. ಅರ್ಧ ಸುತ್ತು ಬಿಚ್ಚಿ, ಬಿಗಿದ. ಅವ್ವ ವಿಭೂತಿ ಹಚ್ಚಿದಳು. ಎಲ್ಲರೂ ಚಹಾ ಕುಡಿದೆವು.

ಗಾಡಿಯ ಜೊತೆ ಬಂದ ಪುಸ್ತಕವನ್ನು ಓದಿದವಳು ನನ್ನ ಹೆಂಡತಿ. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದವಳು, ಅಕ್ಷರ ಕಂಡರೆ ಬಿಡುವವಳಲ್ಲ, ಖಾರದ ಪುಡಿಯ ಪೊಟ್ಟಣವನ್ನೂ ಪೂರ್ತಿ ಓದುತ್ತಾಳೆ. ಒಂದು ವಾರದ ಮೇಲೆ ಊಟಕ್ಕೆ ಕುಂತಾಗ ಹೇಳಿದಳು: ಕಂಪನಿಯ ವಾರಂಟಿ ಇನ್ನೂ ಒಂದು ವರ್ಷ ಇದೆ, ಆದರೆ ಅವರ ವರ್ಕ್‌ಶಾಪಿನವರನ್ನು ಬಿಟ್ಟು ಬೇರೆ ಯಾರೂ ಗಾಡಿಗೆ ಕೈ ಹಚ್ಚಬಾರದು, ಹಚ್ಚಿದರೆ ವಾರಂಟಿ ರದ್ದು. ವರ್ಕ್‌ಶಾಪ್ ಇರುವುದು ಹೈದರಾಬಾದಿನಲ್ಲಿ. ನಾನು ರೊಟ್ಟಿ ಮುರಿಯುತ್ತ, ಮಿಸ್ತ್ರಿ ಬೇರೆಯವನೇನೂ ಅಲ್ಲವಲ್ಲ ಅಂದೆ. ಅವಳು ಪುಸ್ತಕದಲ್ಲಿ ಹಾಗೆ ಬರೆದಿಲ್ಲ ಅಂದಳು.

ಆ ವರ್ಷ ಎರಡು ಸಲ ಆಯಿಲ್ ಬದಲಿಸಲು ಹೈದರಾಬಾದಿಗೆ ಹೋಗಿಬಂದೆ. ಮಿಸ್ತ್ರಿಗೆ ವಿಷಯ ಹೇಳಿದ್ದೆ. ಅವನು ನಕ್ಕು, "ಎಣ್ಣಿ ಹಾಕ್ಸಾಕ ಅಷ್ಟು ದೂರ ಹೋಗಾವ ನೀ ಒಬ್ಬನೇ ನೋಡಲೇ," ಅಂದಿದ್ದ. ಅದು ತಮಾಷೆಯಾಗಿಯೇ ಇತ್ತು. ತಮಾಷೆ ನಿಂತದ್ದು ಗಾಣಗಾಪುರದಲ್ಲಿ.

ಅವ್ವನಿಗೆ ದತ್ತನ ಪಾದುಕೆಯ ದರ್ಶನ ಬೇಕಾಗಿತ್ತು. ಬಸವಣ್ಣನ ದಾರಿಯ ಮನೆತನಕ್ಕೆ ದತ್ತನ ಪಾದುಕೆ ಯಾಕೆ ಅಂತ ಕೇಳಿದರೆ, "ಅಂವಾ ನಮಗೇನ್ ಕೆಟ್ಟ ಮಾಡ್ಯಾನ?" ಅನ್ನುತ್ತಾಳೆ. ಕಬ್ಬಿನ ಸುಗ್ಗಿ, ಹವಳಗಾದ ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರುಗಳು ದಾರಿ ತುಂಬ. ರಸ್ತೆಗೆ ಅಡ್ಡ ಉಬ್ಬಿಸಿದ ಒಂದೊಂದು ಹಂಪಿಗೂ ಗಾಡಿಯ ಹೊಟ್ಟೆ ನೆಲಕ್ಕೆ ತಾಕುತ್ತಿತ್ತು. ಹೇಗೋ ಗಾಣಗಾಪುರ ಮುಟ್ಟಿ, ಒಂದು ಲಾಡ್ಜಿನ ಮುಂದೆ ನಿಲ್ಲಿಸಿ ದರ್ಶನ ಮುಗಿಸಿ ಬಂದು ನೋಡಿದರೆ, ಗಾಡಿ ಒಂದು ಮಗ್ಗುಲಿಗೆ ಎಮ್ಮೆ ಮಲಗಿದ ಹಾಗೆ ಕುಸಿದಿತ್ತು. ಒಳಗೆ ಹಳದಿ ದೀಪ. ಗಾಡಿಯೊಳಗಿನ ಹೆಂಗಸಿನ ಧ್ವನಿ ಇಂಗ್ಲಿಷಿನಲ್ಲಿ ಏನೋ ಹೇಳಿತು. "ಏನಂತಾಳ?" ಅಂತ ಅವ್ವ ಕೇಳಿದಳು. ನಡೆಯುವುದಿಲ್ಲವಂತೆ ಅಂದೆ.

ನಾನು ಮೊದಲು ಫೋನ್ ಮಾಡಿದ್ದು ಕಂಪನಿಗಲ್ಲ. ಕೈ ತಾನಾಗಿಯೇ ಅವನ ನಂಬರು ಒತ್ತಿತು. ಎರಡು ತಾಸಿನಲ್ಲಿ ಮೋಟರ್ ಸೈಕಲ್ ಮೇಲೆ ಬಂದ, ಪಾನಾಗಳ ಚೀಲ ಹೆಗಲಿಗಿತ್ತು. ಬಂದವನೇ ಬಗ್ಗಿ, ಚಕ್ರದ ಸಂದಿಯಲ್ಲಿ ಕೈ ಹಾಕಲು ಹೋದ. "ಏ, ಮುಟ್ಟಬ್ಯಾಡಲೇ," ಅಂದೆ. ವಾರಂಟಿ ಹೋಗುತ್ತದೆ ಅನ್ನುವ ಹೆದರಿಕೆಯಲ್ಲಿ ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಲಾಡ್ಜಿನ ಮೆಟ್ಟಿಲ ಮೇಲಿದ್ದ ಯಾತ್ರಿಕರು ತಿರುಗಿ ನೋಡಿದರು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ದೂರದಿಂದಲೇ ನೋಡಿ, "ಸ್ಪ್ರಿಂಗಿನ ಬದಲಿ ಇರೋ ಗಾಳಿ ಚೀಲ ಒಡದದ ಅನಸ್ತದ," ಅಂದ. ಹೈದರಾಬಾದಿನಿಂದ ಗಾಡಿ ಹೊತ್ತೊಯ್ಯುವ ಲಾರಿ ಬರುವ ತನಕ ನಮ್ಮ ಜೊತೆಯೇ ಕುಂತಿದ್ದ, ಅವ್ವನಿಗೆ ಚಹಾ ತಂದುಕೊಟ್ಟ. ಪಾನಾದ ಚೀಲ ಬಿಚ್ಚಲಿಲ್ಲ.

ಗಾಳಿ ಚೀಲವೇ ಒಡೆದಿತ್ತು. ವಾರಂಟಿ ಇದ್ದದ್ದರಿಂದ ನಾನು ಏನೂ ಕೊಡಬೇಕಾಗಲಿಲ್ಲ. ಆದರೆ ಕೊಡಬೇಕಾಗಿದ್ದರೆ ಎಷ್ಟು ಅಂತ ಬಿಲ್ಲಿನಲ್ಲಿ ಬರೆದಿದ್ದರು. ಅದನ್ನು ಓದಿ ಹೆಂಡತಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಅಂದಿನಿಂದ ನನಗೆ ಆ ಗಾಡಿಯ ಹೆದರಿಕೆ ಶುರುವಾಯಿತು. ಅಂಗಳದಲ್ಲಿ ನಿಂತಿದ್ದರೂ ಅದು ಮಗ್ಗುಲಿಗೆ ವಾಲಿದೆಯೋ ಅಂತ ಕಿಟಕಿಯಿಂದ ನೋಡುತ್ತಿದ್ದೆ.

ವಾರಂಟಿ ಮುಗಿಯಲು ಒಂದು ತಿಂಗಳಿದ್ದಾಗ ಕಂಪನಿಯವರ ಫೋನು ಬಂತು. ನಾನು ಸ್ನಾನಕ್ಕೆ ಹೋಗಿದ್ದೆ, ಅವ್ವ ಎತ್ತಿದಳು. ನಾನು ಹೊರಗೆ ಬಂದಾಗ ಬಾಗಿಲು ಹಾಕಿಕೊಂಡು ಕುಂತಿದ್ದಳು. "ಗಾಡಿ ಮ್ಯಾಲ ವಾರಂಟ್ ಅದಂತಪ್ಪಾ. ಒಂದ್ ತಿಂಗಳದಾಗ ಮುಗೀತದಂತ. ಮುಂದ ಹಾಕಸೂದಿದ್ರ ರೊಕ್ಕ ಕಟ್ಟಬೇಕಂತ." ಅವ್ವನಿಗೆ ಗೊತ್ತಿದ್ದದ್ದು ಕೋರ್ಟಿನ ವಾರಂಟ್ ಒಂದೇ. ಹಿಂದೆ ಹೊಲದ ಜಗಳದಲ್ಲಿ ನಮ್ಮ ಕಾಕಾನ ಮೇಲೆ ಬಂದಿತ್ತು. ಅವನು ಮಾದನಹಿಪ್ಪರಗಾದ ನೆಂಟರ ಅಟ್ಟದ ಮೇಲೆ ಜೋಳದ ಚೀಲಗಳ ನಡುವೆ ದಿನ ಕಳೆದಿದ್ದ. "ರೊಕ್ಕ ಕೊಟ್ಟು ವಾರಂಟ್ ಮುಂದ ಹಾಕಸ್ಕೊಂಡಾರ ಯಾರರೆ? ಒಂದ್ ತಿಂಗಳ ಗಾಡಿ ಮಾದನಹಿಪ್ಪರಗಾದಾಗ ಬಚ್ಚಿಡು. ತಾನ ಮುಗೀತದ," ಅಂದಳು. ಆಮೇಲೆ ಯೋಚಿಸಿದರೆ, ಆ ವಿಷಯದಲ್ಲಿ ನನಗೆ ಸಿಕ್ಕ ಸಲಹೆಗಳಲ್ಲಿ ಅದೇ ಚಲೋ ಇತ್ತು.

ಇನ್ನೊಂದು ವರ್ಷಕ್ಕೆ ವಾರಂಟಿ ಬೆಳೆಸಲು ಕೇಳಿದ ಹಣಕ್ಕೆ ಒಂದು ಜೋಡಿ ಚಲೋ ಎತ್ತು ಬರುತ್ತಿದ್ದವು. ಹೆಂಡತಿ ಕರಾರುಗಳನ್ನು ಓದಿದಳು. ಇಲಿ ಕಡಿದರೆ ಇಲ್ಲ. ಧೂಳು ಹೊಕ್ಕರೆ ಇಲ್ಲ. ನೀರು ಹೊಕ್ಕರೆ ಇಲ್ಲ. ದೇವರಿಂದ ಆದದ್ದಕ್ಕೆ ಇಲ್ಲ. "ಆಳಂದದಾಗ ಏನೇನ್ ಆಗ್ತದೋ ಅದೆಲ್ಲಾ ತಗದಾರ ನೋಡ್ರಿ. ಉಳದದ್ದಕ್ಕ ಜಿಮ್ಮಾ ತಗೋತಾರಂತ," ಅಂದಳು. ಕೊನೆಗೆ ಹಳೆಯ ಮಾತೇ: ಹೊರಗಿನವರ ಕೈ ಹತ್ತಿರಬಾರದು, ಹತ್ತಲೂಬಾರದು. ಗಾಡಿಯನ್ನು ತಪಾಸಣೆ ಮಾಡಲು ಒಬ್ಬರನ್ನು ಕಳಿಸುತ್ತಾರೆ. ಅವರು ಒಪ್ಪಿದರೆ ಮಾತ್ರ ವಾರಂಟಿ.

ತಗೊಂಡರೆ ಮಿಸ್ತ್ರಿಯ ಕೈಯನ್ನು ನಾನೇ ದುಡ್ಡು ಕೊಟ್ಟು ದೂರ ಇಟ್ಟ ಹಾಗೆ. ತಗೊಳ್ಳದಿದ್ದರೆ ಇನ್ನೊಂದು ಗಾಳಿ ಚೀಲ ಒಡೆಯುವ ತನಕ ಕಿಟಕಿಯಲ್ಲಿ ನಿಲ್ಲಬೇಕು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು. ನಾಲ್ಕು ದಿನ ಮನೆಯಲ್ಲಿ ಎಲ್ಲರ ಮೇಲೆ ರೇಗಾಡಿ, ಐದನೆಯ ದಿನ ಗ್ಯಾರೇಜಿಗೆ ಹೋದೆ.

ಅವನು ಒಂದು ಟ್ರ್ಯಾಕ್ಟರಿನ ಕೆಳಗಿದ್ದ. ಅಲ್ಲಿಂದಲೇ ಕೇಳಿದ. ಆಮೇಲೆ ಹೊರಗೆ ಸರಿದು ಬಂದು, "ತಗೋಲೇ. ಆನಿ ತಂದು ಅಂಕುಶಕ್ಕ ಹಿಂದಮುಂದ ನೋಡ್ತಾರೇನು?" ಅಂದ. ನಾನು ಏನೋ ಹೇಳಲು ಹೋದೆ. "ಖರೇ ಹೇಳ್ತೇನಿ ಕೇಳು. ಆ ಗಾಡಿ ನನಗ ತಿಳಿಯಂಗಿಲ್ಲ. ಅದರಾಗ ಪಾನಾದ ಕೆಲಸ ಕಡಿಮಿ, ಕಂಪ್ಯೂಟರಿಂದ ಭಾಳ. ನಿಂದೊಂದು ಗಾಡಿ ಹೋದ್ರ ನನ್ನ ಗ್ಯಾರೇಜ್ ಏನ್ ಮುಚ್ಚಂಗಿಲ್ಲ."

ಅಷ್ಟು ವರ್ಷಗಳಲ್ಲಿ ತನಗೆ ತಿಳಿಯುವುದಿಲ್ಲ ಅಂತ ಅವನು ಒಂದು ಗಾಡಿಯ ಬಗ್ಗೆಯೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಕೆಟ್ಟನಿಸಬೇಕಿತ್ತು. ಹಗುರವಾಯಿತು. ನಾನು ಅವನ ಬಾಯಿಂದ ಆ ಮಾತು ಬರಲಿ ಅಂತಲೇ ಹೋಗಿದ್ದೆ.

ತಪಾಸಣೆಯವನು ಬಂದ ದಿನ ಮಿಸ್ತ್ರಿಗೂ ಬರಲು ಹೇಳಿದ್ದೆ. ಮನೆಯ ಗಾಡಿಯ ವಿಷಯ, ಅವನಿಲ್ಲದೆ ಹೇಗೆ ಅನ್ನುವ ರೂಢಿ. ಅದೇ ತಪ್ಪಾಯಿತು. ಬಂದವನು ಹೈದರಾಬಾದಿನ ಆಫೀಸಿನವನಾದರೂ ಊರು ಜೇವರ್ಗಿ, ನಮ್ಮ ಮಾತು, ನಮ್ಮ ಹಾಗೆಯೇ ಹಣೆಗೆ ವಿಭೂತಿ. ನಡುವಯಸ್ಸಿನವನು, ಮಾತು ಕಡಿಮೆ. ಸಣ್ಣ ಬ್ಯಾಟರಿ ಹಿಡಿದು ಬಾನೆಟ್ಟಿನೊಳಗೆ ತಲೆ ಹಾಕಿದವನು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ನನ್ನನ್ನು ಕರೆದು ಮೂಲೆಯ ಒಂದು ಬೋಲ್ಟು ತೋರಿಸಿದ. ಉಳಿದ ಎಲ್ಲ ಬೋಲ್ಟುಗಳ ತಲೆಯಿಂದ ತಗಡಿನ ಮೇಲಕ್ಕೆ ಹಳದಿ ಬಣ್ಣದ ಒಂದು ಗೆರೆ ನೇರವಾಗಿ ಎಳೆದಿತ್ತು. ಇದರ ಗೆರೆ ಒಂದು ಜೋಳದ ಕಾಳಿನಷ್ಟು ಆಚೆ ಸರಿದಿತ್ತು.

"ಇದಕ್ಕ ಪಾನಾ ಹತ್ಯದ್ರಿ. ನಮ್ಮ ವರ್ಕ್‌ಶಾಪಿನಾಗ ಈ ಬೋಲ್ಟ್ ಬಿಚ್ಚೂ ಕೆಲಸನ ಇಲ್ರಿ. ಯಾರು ಬಿಚ್ಚ್ಯಾರ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ನಾನು ಮಿಸ್ತ್ರಿಯ ಕಡೆ ನೋಡಿದೆ. ಗೇಟಿನ ಹತ್ತಿರ ನಿಂತಿದ್ದ.

ಏನಂತ ಹೇಳುವುದು? ಏನೂ ರಿಪೇರಿ ಮಾಡಿಲ್ಲ, ಏನೂ ಬದಲಿಸಿಲ್ಲ, ಬರೀ ನಮಸ್ಕಾರ ಮಾಡಿದ್ದು ಅಂತ ಹೇಳಿದರೆ ಕಂಪನಿಯ ಫಾರ್ಮಿನಲ್ಲಿ ಯಾವ ಜಾಗದಲ್ಲಿ ಬರೆಯುತ್ತಾರೆ? ಆದರೂ, ಜೇವರ್ಗಿಯವನಲ್ಲವೇ ಅಂತ ಧೈರ್ಯ ಮಾಡಿ, "ನಮ್ಮ ಕಡಿ ಹೊಸ ಗಾಡಿಗೆ ಒಂದ್ ಪದ್ಧತಿ ಇರತದಲ್ರಿ," ಅಂತ ಶುರು ಮಾಡಿದೆ. ಅವನು ಪೂರ್ತಿ ಕೇಳಲಿಲ್ಲ.

"ನಮ್ಮ ಜೇವರ್ಗಿಯಾಗ ಲಿಂಬಿಹಣ್ಣು ಕಟ್ಟತಾರ್ರಿ. ಬೋಲ್ಟ್ ಬಿಚ್ಚಂಗಿಲ್ರಿ. ಹೊರಗಿನ ಮಿಸ್ತ್ರಿ ಕೈ ಹಚ್ಯಾನ ಅಂದ್ರ ನಾ ಇಲ್ಲೇ ಕಾಗದ ಮುಚ್ಚಬೇಕಾಗ್ತದ. ನೋಡಿ ಹೇಳ್ರಿ."

ನಾನು ನೋಡುತ್ತಲೇ ಇದ್ದೆ, ಹೇಳಲಿಲ್ಲ. ಆಗ ಗೇಟಿನಿಂದ ಮಿಸ್ತ್ರಿ ಮುಂದೆ ಬಂದ. ಎರಡೂ ಕೈ ಪ್ಯಾಂಟಿನ ಕಿಸೆಯಲ್ಲಿದ್ದವು. ಅವನ ಉಗುರಿನ ಸಂದಿಯ ಕರೀ ಗ್ರೀಸು ನಲವತ್ತು ವರ್ಷದ್ದು, ಯಾವ ಸಾಬೂನಿಗೂ ಹೋಗುವುದಿಲ್ಲ.

"ನಾ ಬಿಚ್ಚೀನ್ರಿ. ಸಾವ್ಕಾರ್ರ ಡ್ರೈವರ್ ಇದ್ದೇನ್ರಿ ನಾ. ಖಾಲಿ ಕುಂತಿದ್ನಿ, ಏನದ ಅಂತ ಜರಾ ಬಿಚ್ಚಿ ನೋಡಿದ್ನಿ. ಸಾವ್ಕಾರ್ರಿಗೆ ಗೊತ್ತಿಲ್ರಿ." ಆಮೇಲೆ ನನ್ನ ಕಡೆ ತಿರುಗಿದ. "ತಪ್ಪಾಯ್ತ್ರಿ ಸಾವ್ಕಾರ್ರ."

ಜೇವರ್ಗಿಯವನು ಅವನ ಕಿಸೆಗಳನ್ನು ನೋಡಿದ. ನನ್ನನ್ನು ನೋಡಿದ. ಅವನಿಗೆ ಗೊತ್ತಾಗಿತ್ತು, ನನಗೂ ಅವನಿಗೆ ಗೊತ್ತಾದದ್ದು ಗೊತ್ತಾಯಿತು. ಆದರೆ ಒಳ್ಳೆಯ ಮನುಷ್ಯ, ನಮ್ಮ ಕಡೆಯವನು, ಸಹಾಯ ಮಾಡಬೇಕು ಅಂತ ನಿರ್ಧಾರ ಮಾಡಿಬಿಟ್ಟಿದ್ದ. ಮನೆಯ ಡ್ರೈವರ ತಿಳಿಯದೆ ಮಾಡಿದ್ದಕ್ಕೆ ಒಂದು ಸಲ ಮಾಫಿ ಇದೆ, ಅದಕ್ಕೆ ಡ್ರೈವರನಿಗೆ ತಾಕೀತು ಮಾಡಿದ್ದೇನೆ ಅಂತ ನಾನು ಬರೆದು ಸಹಿ ಹಾಕಬೇಕು ಅಂದ. ನಾನು ಬರೆದೆ. ಸಹಿ ಹಾಕಿದೆ. ಅವನು ಕಾಗದ ಮಡಿಚುತ್ತ, "ನನ್ನ ಮುಂದ ಅವ್ನಿಗೆ ಒಮ್ಮಿ ಹೇಳಿಬಿಡ್ರಿ. ನಾಳೆ ಕೇಳಿದ್ರ ನಾ ಸುಳ್ಳ ಹೇಳಬಾರದು," ಅಂದ.

ಆಗ ನಾನು ಬಾಯಿ ತೆರೆದು, ಇವನು ಡ್ರೈವರನಲ್ಲ, ನನ್ನ ದೋಸ್ತ, ನಿಮ್ಮ ವಾರಂಟಿ ನಿಮ್ಮ ಹತ್ತಿರವೇ ಇರಲಿ ಅನ್ನಬಹುದಿತ್ತು. ಸಣ್ಣ ಸಣ್ಣ ವಿಷಯಕ್ಕೆ ಸಿಟ್ಟಿಗೇಳುವವನು ನಾನು. ತೂಕದಲ್ಲಿ ಅರ್ಧ ಕಿಲೋ ಬೇಳೆ ಹೆಚ್ಚುಕಡಿಮೆಯಾದರೆ ಊರು ಕೇಳುವ ಹಾಗೆ ಕೂಗಾಡುತ್ತೇನೆ. ಆ ದಿನ ಸಿಟ್ಟು ಬರಲಿಲ್ಲ. ಗಾಳಿ ಚೀಲದ ಬಿಲ್ಲು ಕಣ್ಣ ಮುಂದೆ ಬಂತು.

"ಇನ್ ಮ್ಯಾಲ ಗಾಡಿಗೆ ಕೈ ಹಚ್ಚಬ್ಯಾಡ," ಅಂದೆ.

"ಆಗಲ್ರಿ," ಅಂದ.

ಗಾಡಿ ಓಡಿಸಿ ನೋಡಬೇಕಾಗಿತ್ತು. ಡ್ರೈವರ ಅಂದ ಮೇಲೆ ಅವನೇ ಓಡಿಸಬೇಕಾಯಿತು. ನನಗೆ ಹಿಂದಿನ ಬಾಗಿಲು ತೆಗೆದು ಹಿಡಿದ. ನನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಕುಂತದ್ದು ಅದೇ ಮೊದಲು. ಅಫಜಲಪುರದ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ತಿರುಗಿ ಬಂದೆವು. ಚೆನ್ನಾಗಿ ಓಡಿಸಿದ. ಒಂದು ಹಂಪಿಗೂ ಹೊಟ್ಟೆ ತಾಕಲಿಲ್ಲ, ನನಗೆ ಇವತ್ತಿಗೂ ಹಾಗೆ ಓಡಿಸಲು ಬರುವುದಿಲ್ಲ.

ಜೇವರ್ಗಿಯವನು ಹೋದ ಮೇಲೆ ನಾನು ಜೋರಾಗಿ ನಕ್ಕೆ. "ಎಂಥಾ ಸುಳ್ಳ ಹೇಳಿದ್ಯೋ ಮಗನ," ಅಂದೆ. ಅವನು ಅಂಗಳದ ನಳದಲ್ಲಿ ಕೈ ತೊಳೆಯುತ್ತಿದ್ದ.

"ಸಾವಿರ ಸುಳ್ಳ ಹೇಳಿ ಒಂದ್ ಲಗ್ನ ಮಾಡು ಅಂತಾರಲ್ರಿ. ನಾ ಒಂದ ಹೇಳೀನಿ," ಅಂದ. ಪಂಚೆಯ ತುದಿಗೆ ಕೈ ಒರೆಸಲು ಹೋಗಿ, ತಾನು ಪ್ಯಾಂಟು ಹಾಕಿದ್ದು ನೆನಪಾಗಿ ಹಾಗೆಯೇ ಝಾಡಿಸಿದ. "ಬರ್ತೇನ್ರಿ."

ತಮಾಷೆ ಅಂದುಕೊಂಡೆ. ಮರುದಿನ ಗ್ಯಾರೇಜಿಗೆ ಹೋದಾಗ, "ಬರ್ರಿ, ಚಹಾ ತರಸ್ಲೇನ್ರಿ?" ಅಂದ. ಒಂದು ವಾರವಾಯಿತು, ಒಂದು ತಿಂಗಳಾಯಿತು. ಮಿಲ್ಲಿನ ಟೆಂಪೋ ಕೆಟ್ಟರೆ ಮೊದಲಿನ ಹಾಗೆಯೇ ಬಂದು ಮಾಡಿ ಹೋಗುತ್ತಿದ್ದ. ಮಾತೂ ಮೊದಲಿನಷ್ಟೇ ಆಡುತ್ತಿದ್ದ, ಕೊನೆಗೊಂದು ರಿ ಇರುತ್ತಿತ್ತು. ಹಮಾಲರಲ್ಲಿ ಒಬ್ಬ, ಈಗೀಗ ಮಿಸ್ತ್ರಿಗೆ ಚಲೋ ಮಾತು ಬಂದಿದೆ ಅಂತ ಹೊಗಳಿದ. ಅವನ ಮೇಲೆ ನಾನು ಯಾಕೆ ರೇಗಿದೆನೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಒಂದು ದಿನ ಗ್ಯಾರೇಜಿನಲ್ಲಿ ನಾಲ್ಕು ಜನರ ಮುಂದೆ ನಾನು ಕೂಗಿಯೇಬಿಟ್ಟೆ. "ಲೇ, ಎಷ್ಟ್ ದಿನಲೇ ಇದು?"

"ವಾರಂಟಿ ಒಂದ್ ವರ್ಷ ಅದಲ್ರಿ," ಅಂದ.

ಎಲ್ಲರೂ ನಕ್ಕರು. ಅವನೂ ನಕ್ಕ. ಅವನು ನಕ್ಕದ್ದರಿಂದ ನಾನು ನಿಶ್ಚಿಂತನಾದೆ. ಒಂದು ವರ್ಷ ತಾನೇ, ಸಾಲದ ಕಂತಿನ ಹಾಗೆ ಕಳೆದುಹೋಗುತ್ತದೆ ಅಂದುಕೊಂಡೆ.

ಆ ವರ್ಷ ಗಾಡಿ ಕೆಡಲಿಲ್ಲ. ಇಲಿ ಕಡಿಯಲಿಲ್ಲ, ನೀರು ಹೊಗಲಿಲ್ಲ, ದೇವರು ಏನೂ ಮಾಡಲಿಲ್ಲ. ಕೆಟ್ಟರಾದರೂ ಆ ಸಹಿಗೆ ಒಂದು ಅರ್ಥ ಬರುತ್ತದೆ ಅಂತ ನಾನು ಬೇಕಂತಲೇ ಹವಳಗಾದ ಕಡೆಯ ಹಂಪಿಗಳ ಮೇಲೆ ಜೋರಾಗಿ ಓಡಿಸಿದೆ. ಗಾಡಿ ಏನೂ ಆಗದೆ ಮನೆಗೆ ಬಂತು. ರಾಜನ ಹಾಗೆ ನಡೆಯುತ್ತಿತ್ತು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ವರ್ಷ ಮುಗಿಯುವಾಗ ಮತ್ತೆ ಫೋನು ಬಂತು. ಇನ್ನೂ ಒಂದು ವರ್ಷ ಬೆಳೆಸಬಹುದು ಅಂದರು. ಬೇಡ ಅಂದೆ. ಯಾಕೆ ಅಂದರು. ನಿಮಗೆ ಹೇಳಿದರೆ ತಿಳಿಯುವುದಿಲ್ಲ ಅಂದೆ. ಹೆಂಡತಿ ಪುಸ್ತಕದಿಂದ ತಲೆ ಎತ್ತಿ ನೋಡಿ, ಮತ್ತೆ ಓದತೊಡಗಿದಳು. ಅವ್ವ, "ವಾರಂಟ್ ಮುಗೀತೇನಪಾ?" ಅಂದಳು. ಮುಗೀತು ಅಂದೆ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಆ ದಿನ ಮಿಲ್ಲಿಗೆ ಹೋಗಲಿಲ್ಲ.

ಮುಗಿದ ಮರುದಿನ ಮುಂಜಾನೆ ಗಾಡಿ ತೊಳೆಸಿ, ನಾನೇ ಓಡಿಸಿಕೊಂಡು ಗ್ಯಾರೇಜಿಗೆ ಹೋದೆ. ಅವನು ಒಂದು ಆಟೋದ ಹಿಂದೆ ಕುಕ್ಕರಗಾಲಲ್ಲಿ ಕುಂತು ಕೆಲಸ ಮಾಡುತ್ತಿದ್ದ. ಗಾಡಿಯನ್ನು ಅವನ ಮುಂದೆಯೇ ನಿಲ್ಲಿಸಿ ಬಾನೆಟ್ ಎತ್ತಿ ನಿಂತೆ. "ಮುಗೀತ್ ನೋಡಲೇ ವಾರಂಟಿ," ಅಂದೆ.

ಅವನು ಎದ್ದು ಬಂದ. ಅರಿವೆಗೆ ಕೈ ಒರೆಸಿಕೊಂಡು, ಬಾನೆಟ್ಟಿನೊಳಗೆ ಬಗ್ಗಿ, ಕಿವಿಗೊಟ್ಟು ಕೇಳಿದ. ಇಂಜಿನ್ನು ಸದ್ದಿಲ್ಲದೆ ನಡೆಯುತ್ತಿತ್ತು.

"ಏನ್ ತ್ರಾಸ್ ಅದ್ರಿ ಗಾಡಿಗೆ?"

"ಗಾಡಿಗೇನೂ ಆಗಿಲ್ಲ," ಅಂದೆ.

ಅವನು ಬಾನೆಟ್ಟನ್ನು ನಿಧಾನವಾಗಿ ಕೆಳಗಿಳಿಸಿ, ಬಣ್ಣಕ್ಕೆ ಗ್ರೀಸು ಹತ್ತದ ಹಾಗೆ ಮೊಣಕೈಯಿಂದ ಒತ್ತಿ ಮುಚ್ಚಿದ.

"ಮತ್ತ ಯಾಕ ಬಂದೀರಿ?" ಅಂತ ಕೇಳಿದ.